ಮೂಲೆ ಅಂಗಡಿಯ ನಲವತ್ತು ಪುಟ

ಗ್ರೀಕ್ ವಲಸಿಗರೇ ತುಂಬಿರುವ ಅಸ್ಟೋರಿಯಾ ಬಡಾವಣೆಯಲ್ಲಿ, ತಲೆ ಮೇಲೆ ರೈಲು ಗಡಗಡ ಅನ್ನುವ ಬೀದಿಯಲ್ಲಿ ಕಿರ್ ಮಿನಾಸರ ಕಟ್ಟಡವಿದೆ. ಕೆಳಗೆ ಎರಡು ಅಂಗಡಿ, ಮೇಲೆ ಅವರ ಮನೆ. ಹಿರಿಯ ಗಂಡಸರ ಹೆಸರಿಗೆ ನಾವು ಗ್ರೀಕರು ‘ಕಿರ್’ ಸೇರಿಸಬೇಕು, ಸೇರಿಸುತ್ತೇನೆ. ಅದಕ್ಕಿಂತ ಹೆಚ್ಚಿನ ಮರ್ಯಾದೆ ನನ್ನಿಂದ ಆಗದು. ಚಿಕ್ಕ ಅಂಗಡಿಯ ದರ್ಜಿ ನಾನು, ಎವ್ದೋಕಿಯಾ. ಇಪ್ಪತ್ತೆರಡು ವರ್ಷದ ಹಿಂದೆ ಬಾಡಿಗೆಗೆ ಕೇಳಲು ಹೋದವಳು ಕರಾರು ಪತ್ರ ಎಲ್ಲಿ ಅಂದೆ. ಆ ಮಹಾರಾಯರಿಗೆ ಅವಮಾನವಾಗಿಬಿಟ್ಟಿತು.

“ನೀನೂ ನಿಸಿರೋಸ್ ದ್ವೀಪದವಳು, ನಾನೂ ಅಲ್ಲಿಯವನು. ನಮ್ಮ ನಮ್ಮಲ್ಲೇ ಎಂಥ ಕಾಗದ? ನಾನು ಸಾಯೋತನಕ ಈ ಅಂಗಡಿ ನಿಂದೇ. ಮಿನಾಸ್ ಕೊಟ್ಟ ಮಾತು!”

ಕೈ ಕುಲುಕಿದರು, ನಾನು ಮಾಡಿದ ಕಾಫಿ ಕುಡಿದರು, ಕರಾರು ಮುಗಿಯಿತು. ಅವತ್ತಿನಿಂದ ದಿನಾ ಬೆಳಿಗ್ಗೆ ಎಂಟಕ್ಕೆ ನನ್ನ ಇಸ್ತ್ರಿ ಮೇಜಿನ ಪಕ್ಕ ಕೂತು, ಬಿಟ್ಟಿ ಕಾಫಿ ಹೀರಿ, ನಿಯತ್ತಿನ ಬಗ್ಗೆ ಭಾಷಣ ಬಿಗಿದು ಹೋಗುತ್ತಿದ್ದರು. ಕಾಫಿ ಮಾಡುವ ತಾಮ್ರದ ಬ್ರೀಕಿ ನನ್ನಮ್ಮನದು. ಪ್ಯಾಂಟು ಗಿಡ್ಡ ಮಾಡಿಸಲು ಬಂದವರಿಗೂ ಅದರಿಂದಲೇ ಒಂದು ಬಟ್ಟಲು ಸಿಗುತ್ತಿತ್ತು.

ಮೂಲೆಯ ದೊಡ್ಡ ಅಂಗಡಿ ಮಾತ್ರ ಎರಡು ವರ್ಷ ಖಾಲಿ. ಹೂವಿನವಳು ಬಂದಳು, ಹೂ ಕೊಳೆಯುತ್ತೆ ಅಂದರು. ಚಪ್ಪಲಿಯವನು ಬಂದ, ಕಾಲಿನ ವಾಸನೆ ಅಂದರು. ಅತ್ತರಿನವನು ಬಂದ, ಅದೂ ವಾಸನೆಯೇ ಅಂದರು. “ಈ ಬೀದೀಲಿ ದಿನಕ್ಕೆ ಸಾವಿರಾರು ಜನ ಓಡಾಡ್ತಾರೆ. ನನ್ನ ಅಂಗಡಿಗೆ ಯೋಗ್ಯತೆ ಇರೋರು ಬರ್ಲಿ!” ಆ ಸಾವಿರಾರು ಜನರಲ್ಲಿ ಯಾರೋ ಒಬ್ಬರು ಗಾಜಿನ ಧೂಳಿನ ಮೇಲೆ ಬೆರಳಲ್ಲಿ ‘ತೊಳೀರಿ’ ಅಂತ ಬರೆದು ಹೋಗಿದ್ದರು.

ಕೊನೆಗೆ ಯೋಗ್ಯತೆ ಬಂತು, ಕಾಫಿ ಕಂಪನಿಯ ರೂಪದಲ್ಲಿ, ನಲವತ್ತು ಪುಟದ ಕರಾರು ಹಿಡಿದು. ವಕೀಲರಿಗೆ ತೋರಿಸಿ ಅಂದೆ. “ಓದೋದು ಅನುಮಾನದ ಪಿಶಾಚಿಗಳ ಕೆಲಸ” ಅಂದವರೇ ನಲವತ್ತಕ್ಕೂ ಸಹಿ ಜಡಿದರು.

ಅಂಗಡಿ ತೆರೆದು ವಾರವಾಗಿಲ್ಲ, ಅದರ ಮ್ಯಾನೇಜರ್ ಟ್ಯಾನರ್ ಅನ್ನುವವನು ಹಲ್ಲು ಕಿರಿಯುತ್ತ ಮೂವತ್ತೊಂದನೇ ಪುಟ ತೋರಿಸಿದ. ಈ ಕಟ್ಟಡದಲ್ಲಿ, ಮೇಲಿನ ಮನೆಯೂ ಸೇರಿ, ಬೇರೆ ಯಾರೂ ಹೊರಗಿನವರಿಗೆ ಕಾಫಿ ಮಾರುವಂತಿಲ್ಲ, ಪುಕ್ಕಟೆ ಕೊಡುವಂತೆಯೂ ಇಲ್ಲ. ಕೊಟ್ಟದ್ದು ಕಂಡರೆ ಕಂಪನಿಯ ಬಾಡಿಗೆ ಅರ್ಧಕ್ಕಿಳಿಯುತ್ತದೆ.

ಮಿನಾಸ್ ನೇರ ನನ್ನ ಹತ್ತಿರ ಬಂದರು. “ಆ ಪಾತ್ರೆ ಬೇಕಾ, ಅಂಗಡಿ ಬೇಕಾ?”

“ಎರಡೂ ಬೇಕು. ನೀವು ಕೊಟ್ಟ ಮಾತು ಏನಾಯ್ತು, ಕಿರ್ ಮಿನಾಸ್?”

“ಮಾತಿಗೆ ಸಾಕ್ಷಿ ಎಲ್ಲಿದೆ? ತಿಂಗಳ ಕೊನೆಗೆ ಖಾಲಿ ಮಾಡು.”

ಮೈಯೆಲ್ಲ ಉರಿಯಿತು. ಅರವತ್ತರ ವಯಸ್ಸಲ್ಲಿ ಈ ಹೊಲಿಗೆ ಯಂತ್ರ ಹೊತ್ತು ಎಲ್ಲಿಗೆ ಹೋಗಲಿ? ಊರವನು ಅಂತ ನಂಬಿ ಒಂದು ಚೂರು ಕಾಗದ ಇಟ್ಟುಕೊಳ್ಳದ ನನ್ನ ಬುದ್ಧಿಗಿಷ್ಟು!

ಅಷ್ಟರಲ್ಲಿ ನವೆಂಬರ್ ಹನ್ನೊಂದು, ಸಂತ ಮಿನಾಸರ ದಿನ. ಆ ಹೆಸರಿನವರ ಮನೆಗೆ ಅವತ್ತು ಕರೆಯದೆಯೇ ಜನ ಬರುತ್ತಾರೆ. ಬಂದವರಿಗೆ ಕಾಫಿ, ಸಿಹಿ ಕೊಡಲೇಬೇಕು. ನಲವತ್ತು ಜನ ಮೆಟ್ಟಿಲು ಹತ್ತಿದರು. ಟ್ಯಾನರ್ ಕೆಳಗೆ ನಿಂತು ಮೂಗು ಅರಳಿಸುತ್ತಿದ್ದ. ಪಾಪ, ಕಟ್ಟಡದ ಯಜಮಾನರು ತಮ್ಮದೇ ಬಾಡಿಗೆದಾರನ ಹತ್ತಿರ ಸಾಲಲ್ಲಿ ನಿಂತು, ನಲವತ್ತು ಕಾಗದದ ಲೋಟ ಕೊಂಡು ತಂದರು.

ಅವರ ಅಕ್ಕ ಕಲಿಯೋಪಿಗೆ ತೊಂಬತ್ತು. ಕಾಫಿ ಕುಡಿದ ಮೇಲೆ ಬಟ್ಟಲು ಬೋರಲು ಹಾಕಿ ಚರಟದಲ್ಲಿ ಭವಿಷ್ಯ ನೋಡುವವಳು. ಲೋಟದ ತಳ ನೋಡಿದಳು, ಚರಟವೇ ಇಲ್ಲ. “ಮಿನಾ, ನಮ್ಮೂರಲ್ಲಿ ಹೆಣ ಎತ್ತಿದ ಮನೇಲೂ ಸರಿಯಾದ ಕಾಫಿ ಕೊಡ್ತಾರಲ್ಲೋ!” ಅಂದಳು. ಲೋಟ ಅಲ್ಲೇ ಬಿಟ್ಟು ಎಲ್ಲರೂ ಎದ್ದು ಹೋದರು.

ಮರುದಿನ ಎಂಟಕ್ಕೆ ನನ್ನ ಹಿಂಬಾಗಿಲು ಟಕಟಕ. ಮಿನಾಸ್ ಮುಖ ಹುಳ್ಳಗೆ ಮಾಡಿಕೊಂಡು ನಿಂತಿದ್ದರು. “ಎವ್ದೋಕಿಯಾ, ಒಂದೇ ಒಂದು ಬಟ್ಟಲು...”

“ಮೊದಲು ಇದಕ್ಕೆ ಸಹಿ.” ಅಂಗಡಿಯ ಕರಾರು ನಾನೇ ಬರೆಸಿಟ್ಟಿದ್ದೆ. ಬಾಡಿಗೆ ಅದೇ, ಪುಟ ಒಂದೇ.

“ನಾಳೆ ಹಾಕ್ತೀನಿ ಮಾರಾಯ್ತಿ. ಮಿನಾಸ್ ಮಾತು!”

ಹಾಳು ಅಭ್ಯಾಸ, ಬ್ರೀಕಿ ಒಲೆ ಮೇಲಿಟ್ಟುಬಿಟ್ಟೆ. ಎರಡು ಗುಟುಕು ಕುಡಿದಿರಲಿಲ್ಲ, ಮುಂಬಾಗಿಲ ಗಾಜಿನಾಚೆ ಟ್ಯಾನರ್! ಮಿನಾಸ್ ಬಟ್ಟಲ ಸಮೇತ, ಗಿರಾಕಿಗಳು ಬಟ್ಟೆ ಹಾಕಿ ನೋಡುವ ಪರದೆಯ ಹಿಂದೆ ನುಗ್ಗಿದರು. ಎಪ್ಪತ್ತೆಂಟರಲ್ಲಿ ಆ ಚುರುಕು ನೋಡಬೇಕಿತ್ತು. ನಾನು ಬ್ರೀಕಿ ಮೇಜಿನಡಿ ತಳ್ಳುವಷ್ಟರಲ್ಲಿ ಅವನು ಒಳಗೆ ಬಂದ.

“ಏನಿದು ವಾಸನೆ?” ಅಂದ ಟ್ಯಾನರ್.

“ಉಣ್ಣೆ ಸುಟ್ಟೋಯ್ತು. ಇಸ್ತ್ರಿ ಜಾಸ್ತಿ ಕಾದಿತ್ತು.”

“ಪರದೆ ಹಿಂದೆ ಯಾರು?”

“ಗಿರಾಕಿ. ಹೊಟ್ಟೆ ಹತ್ರ ಸ್ವಲ್ಪ ಬಿಗಿಯಂತೆ.” ಕರಾರು, ಪೆನ್ನು ಎರಡನ್ನೂ ಪರದೆಯ ಸಂದಿಯಲ್ಲಿ ತೂರಿಸಿದೆ. “ಅಳತೆ ಒಪ್ಪಿಗೆ ಆದ್ರೆ ಸಹಿ ಹಾಕಿ ಸಾರ್. ಇಲ್ದಿದ್ರೆ ಪರದೆ ಸರಿಸ್ತೀನಿ.”

ಒಳಗೆ ಪರಪರ ಸದ್ದಾಯಿತು. ಕಾಗದ ಹೊರಗೆ ಬಂತು, ಸಹಿಯ ಪಕ್ಕ ಕಾಫಿಯ ಕಲೆ. ಟ್ಯಾನರ್ ಹೋದ ಮೇಲೂ ನಾನು ಒಂದು ಕೋಟಿನ ಅಂಚು ಪೂರ್ತಿ ಹೊಲಿದೆ, ಆಮೇಲೆ “ಹೋದ” ಅಂದೆ.

ಹೊರಗೆ ಬಂದವರು ಬೆವರು ಒರೆಸಿಕೊಂಡು ಕೇಳಿದರು: “ಎಷ್ಟು ವರ್ಷಕ್ಕೆ ಬರೆಸಿದ್ದೀಯೇ?”

ಈ ಸಲವೂ ಓದಿರಲಿಲ್ಲ.

“ಇಪ್ಪತ್ತೆರಡು. ನಿಮಗೆ ನೂರು ತುಂಬೋತನಕ. ಸಾಯೋತನಕ ನಿಂದೇ ಅಂದಿದ್ರಲ್ಲ ಕಿರ್ ಮಿನಾಸ್, ನಿಮ್ಮ ಮಾತು ನಾನೇ ಉಳಿಸಿದೆ.”