ಅಟೆಂಡರಮ್ಮ ಹಿಡಿದ ವಾಸನೆ

ಅವರ ಬಲಗೈ ತೋರುಬೆರಳಿನ ಉಗುರು ಮಾಂಸಕ್ಕೆ ಅಂಟುವಷ್ಟು ಮೋಟಾಗಿರುತ್ತಿತ್ತು. ಮಿಕ್ಕ ಬೆರಳುಗಳ ಸಂದಿಯಲ್ಲಿ ಟಿಂಚರಿನ ಕಂದು ಕಲೆ, ಅಂಗೈಯಲ್ಲಿ ದನಗಳ ಹಗ್ಗ ಜಗ್ಗಿ ಜಗ್ಗಿ ಬಿದ್ದ ಗೆರೆಗಳು. ಆ ಒಂದು ಬೆರಳು ಮಾತ್ರ ಎಳೆ ಮಗುವಿನದರಂತೆ ನುಣುಪು. ಬೆಳಿಗ್ಗೆ ಪಶು ಆಸ್ಪತ್ರೆಯ ಬೀಗ ತೆಗೆದು, ಅಂಗಳ ಗುಡಿಸಿ, ಮೆಟ್ಟಿಲ ಮೇಲೆ ನಿಂತುಕೊಂಡೇ ಅರ್ಧ ಬ್ಲೇಡಿನಿಂದ ಆ ಉಗುರನ್ನು ಹೆರೆಯುತ್ತಿದ್ದರು. ಕೂತು ಮಾಡಬಹುದಾದ ಕೆಲಸವನ್ನೂ ಅವರು ಕೂತು ಮಾಡಿದ್ದನ್ನು ನಾನು ಕಂಡಿಲ್ಲ. ಟೀ ಕುಡಿಯುವಾಗಲೂ ಲೋಟ ಹಿಡಿದು, ದನ ನಿಲ್ಲಿಸುವ ಮರದ ಚೌಕಟ್ಟಿನ ಸುತ್ತ ತಿರುಗುತ್ತಿದ್ದರು.

ಅರಸೀಕೆರೆಯಲ್ಲಿ ಎಲ್ಲರೂ ಅವರನ್ನು ಅಟೆಂಡರಮ್ಮ ಎನ್ನುತ್ತಿದ್ದರು. ಗಂಡ ಅದೇ ಆಸ್ಪತ್ರೆಯಲ್ಲಿ ಜವಾನರಾಗಿದ್ದಾಗ ತೀರಿಕೊಂಡರಂತೆ. ಅನುಕಂಪದ ಆಧಾರದ ಮೇಲೆ ಆ ಕೆಲಸ ಇವರಿಗೆ ಸಿಕ್ಕಿತ್ತು. ಹಾರನಹಳ್ಳಿಯಿಂದ ದಿನಾ ಮೊದಲ ಬಸ್ಸಿಗೆ ಬರುವರು. ಸರ್ಕಾರ ಅವರಿಗೆ ಹೇಳಿದ್ದು ಗುಡಿಸುವುದು, ಒರೆಸುವುದು, ನೀರು ಹಿಡಿದಿಡುವುದು. ಆದರೆ ಬಂದು ಹೋದ ಡಾಕ್ಟರುಗಳ ಪಕ್ಕದಲ್ಲಿ ಪ್ರಾಣಿಗಳನ್ನು ಹಿಡಿದು ನಿಂತೇ ಅವರು ಕಲಿತದ್ದು ಬಹಳ. ಯಾವ ಪ್ರಾಣಿ ಬಂದರೂ ಅದರ ಮುಖ ನೋಡುತ್ತಿರಲಿಲ್ಲ, ನೇರವಾಗಿ ಹಿಂದಕ್ಕೆ ಹೋಗಿ ಬಾಲ ಎತ್ತುತ್ತಿದ್ದರು.

"ಮುಂದ್ಗಡೆ ಏನೈತೆ ಅಂತ ನೀವೇ ನೋಡ್ಕೊಂಡು ಬಂದಿರ್ತೀರ. ಹಿಂದ್ಗಡೆ ಯಾರೂ ನೋಡಿರಲ್ಲ" ಅನ್ನುವರು.

ತೊಂಬತ್ತರ ದಶಕದ ಕೊನೆ ಅದು. ನಾನು ಅರಸೀಕೆರೆಯ ಒಂದು ಸರ್ಕಾರಿ ಕಚೇರಿಯಲ್ಲಿ ಹೊಸದಾಗಿ ಗುಮಾಸ್ತೆಯಾಗಿ ಸೇರಿದ್ದೆ. ಅಪ್ಪ ತೀರಿಹೋಗಿದ್ದರು. ನಾನು, ಅಮ್ಮ, ಜೊತೆಗೆ ಪಿಂಕಿ ಎಂಬ ಪಾಮೇರಿಯನ್ ನಾಯಿ. ವರ್ಗವಾಗಿ ಹೊರಟ ಅಧಿಕಾರಿಯೊಬ್ಬರು ಅದನ್ನು ಮರಿಯಾಗಿದ್ದಾಗಲೇ ನನ್ನ ಕೈಗೆ ಹಾಕಿ ಹೋಗಿದ್ದರು. ಅಮ್ಮನಿಗೆ ಅದೇ ಮಾತು, ಅದೇ ಜೊತೆ.

ಬಾಡಿಗೆ ಮನೆ ಸಿಕ್ಕಿದ್ದೇ ದೊಡ್ಡದು. ಅದಕ್ಕೂ ಮೊದಲು ಮೂರು ಮನೆಯವರು ನಮ್ಮನ್ನು "ನೀವು ಯಾವ ಜನ?" ಎಂದು ಕೇಳಿ, ಉತ್ತರ ಕೇಳಿಸಿಕೊಂಡು, "ಅಯ್ಯೋ, ನಿನ್ನೆ ತಾನೇ ಬೇರೆಯೋರಿಗೆ ಮಾತು ಕೊಟ್ಟುಬಿಟ್ವಲ್ಲಾ" ಎಂದಿದ್ದರು. ನಾಲ್ಕನೆಯದು ಒಬ್ಬ ಕೊಬ್ಬರಿ ವ್ಯಾಪಾರಿಯ ಮನೆ. ಮುಂದಿನ ಭಾಗದಲ್ಲಿ ಅವರಿದ್ದರು, ಹಿಂದಿನ ಎರಡು ಕೋಣೆ ನಮಗೆ. ನಮ್ಮ ಸಾಮಾನು ಇಳಿಸುವಾಗ ಬುದ್ಧನ ಪಟ ನೋಡಿದ ಮನೆಯ ಯಜಮಾನಮ್ಮ ಒಂದೇ ಮಾತು ಹೇಳಿದರು: "ಮನೇಲಿ ಮೀನು, ಮಾಂಸ ಮಾಡೋ ಹಾಗಿಲ್ಲ ಕಣಮ್ಮ."

ಅಮ್ಮ ಆ ಮಾತನ್ನು ಕೋರ್ಟಿನ ಆಜ್ಞೆಯಂತೆ ಪಾಲಿಸಿದಳು. ಮೀನು ತಿನ್ನಬೇಕೆನಿಸಿದರೆ ಭಾನುವಾರ ಬಸ್ಸು ಹತ್ತಿ ಊರಿನ ಚಿಕ್ಕಮ್ಮನ ಮನೆಗೆ ಹೋಗಿ ತಿಂದು, ಸೀರೆ ಬದಲಿಸಿಕೊಂಡು ವಾಪಸು ಬರುತ್ತಿದ್ದೆವು.

ವರ್ಷ ಕಳೆಯುವ ಹೊತ್ತಿಗೆ ಪಿಂಕಿ ವಿಚಿತ್ರವಾಗಿ ಆಡತೊಡಗಿತು. ಕೆಂಪು ಗಾರೆಯ ನೆಲದ ಮೇಲೆ ಕುಂಡಿ ಊರಿ, ಮುಂಗಾಲಿನಿಂದ ಎಳೆದುಕೊಂಡು ಸಾಗುವುದು. ಮಲಗಿದ್ದದ್ದು ತಟ್ಟನೆ ಎದ್ದು, ಯಾರೋ ಚಿವುಟಿದರೇನೋ ಎಂಬಂತೆ ತನ್ನ ಬೆನ್ನ ಹಿಂದೆ ತಿರುಗಿ ನೋಡುವುದು. ಬಾಲದ ಬುಡವನ್ನು ನೆಕ್ಕಿದ್ದೇ ನೆಕ್ಕಿದ್ದು. ಒಂದು ಕಡೆ ನಿಂತಲ್ಲಿ ನಿಲ್ಲದು. ಪೇಟೆಯ ಔಷಧಿ ಅಂಗಡಿಯವನು ಜಂತುಹುಳ ಎಂದು ಮಾತ್ರೆ ಕೊಟ್ಟ. ಕೊಟ್ಟೆವು. ಏನೂ ಕಡಿಮೆಯಾಗಲಿಲ್ಲ.

ಅದೇ ದಿನಗಳಲ್ಲಿ ಮನೆಯಲ್ಲಿ ಒಂದು ವಾಸನೆ ಶುರುವಾಯಿತು. ಇದ್ದಕ್ಕಿದ್ದಂತೆ ಬರುವುದು, ಹಾಗೇ ಹೋಗುವುದು. ಮೋರಿ ಕಟ್ಟಿಕೊಂಡಿದೆ ಅಂದುಕೊಂಡು ನಾನು ಫಿನಾಯಿಲ್ ಸುರಿದೆ. ಒಂದು ಸಂಜೆ ಯಜಮಾನಮ್ಮ ನಡುಮನೆಯ ಬಾಗಿಲಲ್ಲಿ ಸೆರಗು ಮೂಗಿಗೆ ಹಿಡಿದು ನಿಂತರು.

"ಏನಮ್ಮಾ, ನೆಂಟರು ಯಾರಾದ್ರೂ ಬಂದಿದ್ರಾ?"

"ಇಲ್ಲವಲ್ಲ."

"ಏನೋ ನೀಚು ವಾಸನೆ ಬಂತು, ಅದಕ್ಕೆ ಕೇಳಿದೆ."

ಮೀನಿನ ವಾಸನೆಗೆ ನಮ್ಮ ಕಡೆ ಎಲ್ಲರೂ ನೀಚು ವಾಸನೆ ಅಂತಲೇ ಅನ್ನುವುದು. ಆದರೂ ಅವತ್ತು ಆ ಪದ ನನಗೆ ಬೇರೆಯಾಗಿಯೇ ಕೇಳಿಸಿತು.

ವಾರದೊಳಗೆ ಅವರು ನೇರವಾಗಿಯೇ ಕೇಳಿದರು: "ಒಣಮೀನು ಹುರಿದ್ರಾ?" ಅಮ್ಮ ದೇವರಾಣೆ, ಮಕ್ಕಳಾಣೆ ಎಂದಳು. ಅವರು ನಂಬಲಿಲ್ಲ ಎನ್ನುವುದು ಮುಖದಲ್ಲೇ ತಿಳಿಯಿತು. ಅಮ್ಮ ಅಂದಿನಿಂದ ಬೆಳ್ಳುಳ್ಳಿ ಒಗ್ಗರಣೆಯನ್ನೂ ಬಿಟ್ಟಳು. ಸಾರಿಗೆ ಮಸಾಲೆ ಹುರಿಯುವುದನ್ನು ಬಿಟ್ಟಳು. ನಾನು ಕಚೇರಿಯಿಂದ ಬಂದವಳೇ ಚಪ್ಪಲಿ ಕಳಚುವ ಮೊದಲು ಮೂಗೆತ್ತಿ ಗಾಳಿ ಮೂಸುತ್ತಿದ್ದೆ. ಕಚೇರಿಯಲ್ಲಿ ಫೈಲು ಬಿಡಿಸುವಾಗ ನನ್ನ ಕೈಯನ್ನೇ ಮೂಸಿಕೊಳ್ಳುತ್ತಿದ್ದೆ. ಊದುಬತ್ತಿ ಹಚ್ಚಿದರೆ, "ವಾಸನೆ ಮುಚ್ಚೋಕೆ ಹಚ್ಚಿದ್ರಾ?" ಎಂದು ಆಚೆಯಿಂದ ಪ್ರಶ್ನೆ. ಕಡೆಗೆ ಯಜಮಾನರೇ ಬಂದು, ಮುಖ ನೋಡದೆ, "ತಿಂಗಳ ಕೊನೆಗೆ ಬೇರೆ ಕಡೆ ನೋಡ್ಕೊಳ್ಳಿ" ಎಂದರು.

ಮಾರನೆಯ ಬೆಳಿಗ್ಗೆ ನಾನು ಪಿಂಕಿಯನ್ನು ಎತ್ತಿಕೊಂಡು ಪಶು ಆಸ್ಪತ್ರೆಗೆ ಹೋದೆ. ನಾಯಿ ಇದ್ದರೆ ಹೊಸ ಮನೆ ಹುಡುಕುವುದು ಇನ್ನೂ ಕಷ್ಟ, ಯಾರಾದರೂ ಸಾಕುವವರು ಸಿಕ್ಕರೆ ಕೊಟ್ಟುಬಿಡೋಣ ಎಂಬ ಯೋಚನೆ ಮನಸ್ಸಿನಲ್ಲಿತ್ತು. ಡಾಕ್ಟರು ಹಳ್ಳಿಗಳ ಕಡೆ ದನಗಳಿಗೆ ಚುಚ್ಚುಮದ್ದು ಹಾಕಲು ಹೋಗಿದ್ದರು. ಅಟೆಂಡರಮ್ಮ ಬಕೆಟ್ಟು ಹಿಡಿದು ಓಡಾಡುತ್ತಿದ್ದವರು ನನ್ನ ಹತ್ತಿರ ಬಂದು, ನಾಯಿಯನ್ನು ಬಿಟ್ಟು ನನ್ನ ಸೀರೆಯ ಮಡಿಲನ್ನು ಮೂಸಿದರು.

"ಮನೇಲಿ ಮೀನು ವಾಸ್ನೆ ಬತ್ತದಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಇವರಿಗೂ ತಿಳಿದುಬಿಟ್ಟಿತೇ? "ನಾವು ಮನೇಲಿ ಏನೂ ಮಾಡಲ್ಲ!" ಎಂದು ಕೂಗಿಯೇ ಬಿಟ್ಟೆ.

"ನಿಮ್ಮ ಅಡಿಗೆ ಯಾರು ಕೇಳಿದ್ರವ್ವ? ನಾನು ಕೇಳಿದ್ದು ನಾಯಿ ಇಚಾರ" ಎಂದು ಪಿಂಕಿಯನ್ನು ಕಸಿದುಕೊಂಡು ಮೇಜಿನ ಮೇಲೆ ನಿಲ್ಲಿಸಿ ಬಾಲ ಎತ್ತಿದರು. ನನಗೂ ಬಗ್ಗಿ ನೋಡಲು ಹೇಳಿದರು. "ಗಡಿಯಾರ ಅಂದ್ಕಳಿ. ಇಲ್ಲಿ ನಾಕು ಗಂಟೆ, ಇಲ್ಲಿ ಎಂಟು ಗಂಟೆ. ಎರಡು ಕಡೆ ಚರ್ಮದೊಳಗೆ ಒಂದೊಂದು ಸಣ್ಣ ಚೀಲ ಐತೆ. ಎಲ್ಲ ನಾಯಿಗೂ ಇರ್ತದೆ. ಗಟ್ಟಿಯಾಗಿ ಹೇತ್ರೆ ಅದರ ಒತ್ತಡಕ್ಕೆ ತಾನೇ ಖಾಲಿಯಾಯ್ತದೆ. ಈ ಗಿಡ್ಡ ನಾಯಿಗಳಿಗೆ ನೀವು ಹಾಲು, ಅನ್ನ, ಬಿಸ್ಕತ್ತು ಹಾಕ್ತೀರ. ತೆಳ್ಳಗೆ ಹೇತರೆ ಎಲ್ಲಿ ಒತ್ತಬೇಕು? ಒಳಗೇ ತುಂಬ್ಕತದೆ, ಗಟ್ಟಿಯಾಯ್ತದೆ, ಆಮೇಲೆ ನೆಲಕ್ಕೆ ಉಜ್ಜತದೆ. ಹೆದರಿಕೊಂಡ್ರೆ ಒಂಚೂರು ಪಿಚಕ್ಕಂತ ಬಂದ್ಬಿಡ್ತದೆ. ಅದೇ ನಿಮ್ಮ ಮೀನು."

ಆಗ ನನಗೆ ಹೊಳೆಯಿತು. ರೈಲಿನ ಎಂಜಿನ್ನು ಕೂಗಿದಾಗ ಪಿಂಕಿ ಬೆಚ್ಚಿ ಮಂಚದಿಂದ ಜಿಗಿಯುತ್ತಿತ್ತು. ವಾಸನೆ ಬರುತ್ತಿದ್ದದ್ದೂ ಆಗಲೇ. ಅರಸೀಕೆರೆಯಲ್ಲಿ ರೈಲು ಕೂಗದ ಗಂಟೆ ಯಾವುದು?

ಅವರು ಬಿಸಿನೀರಲ್ಲಿ ಹತ್ತಿ ಅದ್ದಿ, ಉಗುರು ಹೆರೆದ ಆ ನುಣುಪು ಬೆರಳಿನಿಂದ ಬಲಗಡೆಯ ಚೀಲವನ್ನು ಕೆಳಗಿನಿಂದ ಮೆಲ್ಲಗೆ ಒತ್ತುತ್ತ ಬಂದರು. "ಮುಖ ಆ ಕಡೆ ತಿರುಗಿಸ್ಕಳಿ" ಎಂದದ್ದು ಒಂದು ಕ್ಷಣ ತಡವಾಯಿತು. ಆ ವಾಸನೆ, ಅದೇ ವಾಸನೆ, ನನ್ನ ರವಿಕೆಯ ತೋಳಿಗೆ ಹಾರಿತು. ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು.

ಎಡಗಡೆ ಮಾತ್ರ ಅವರು ಬೆರಳಿಡಲಿಲ್ಲ. ಅಲ್ಲಿ ಚರ್ಮ ಕೆಂಪಗೆ ಊದಿ ಬಿಸಿಯಾಗಿತ್ತು. "ಇಲ್ಲಿ ಕೀವಾಗೈತೆ. ನಾನು ಮುಟ್ಟಲ್ಲ. ಡಾಕ್ಟ್ರೇ ನೋಡಬೇಕು. ಅವರು ಬರೋದು ನಾಡಿದ್ದು."

"ನೀವೇ ಮಾಡಿಬಿಡಿ ಅಟೆಂಡರಮ್ಮ. ನನಗೆ ಮನೆ ಖಾಲಿ ಮಾಡು ಅಂದುಬಿಟ್ಟಿದಾರೆ" ಎಂದು ಬೇಡಿಕೊಂಡೆ. ನಡೆದದ್ದನ್ನೆಲ್ಲ ಹೇಳಿದೆ.

"ನಿಮ್ಮ ಅವಸರಕ್ಕೆ ನಾನು ಅಮುಕಿದ್ರೆ ಒಳಗೇ ಒಡೆದು ನಾಯಿ ಒದ್ದಾಡ್ತದೆ. ಬ್ಯಾಡ. ಬಿಸಿನೀರ ಬಟ್ಟೆ ಇಡ್ರಿ. ನೆಕ್ಕಕ್ಕೆ ಬಿಡಬ್ಯಾಡ್ರಿ. ನಾಡಿದ್ದು ಬಾಗಿಲು ತೆಗೆಯೋ ಹೊತ್ತಿಗೆ ಬನ್ನಿ."

ಆ ಎರಡು ದಿನ ನಾನು ಕೂತಲ್ಲಿ ಕೂರಲಿಲ್ಲ. ಕಾರಣ ಗೊತ್ತಾದರೂ ಹೇಳುವುದು ಹೇಗೆ? ನಾಯಿಯ ಮೇಲೆ ಹಾಕಿ ತಪ್ಪಿಸಿಕೊಳ್ಳುತ್ತಿದ್ದಾರೆ ಎನ್ನುವುದಿಲ್ಲವೇ? ಬಟ್ಟೆ ಬಿಸಿ ಮಾಡುವುದು, ಒತ್ತುವುದು, ಬಾಗಿಲಾಚೆ ಹೆಜ್ಜೆ ಸದ್ದಾದರೆ ಕಿವಿ ನಿಮಿರಿಸುವುದು. ಪಿಂಕಿ ಊಟ ಬಿಟ್ಟಿತು. ಮೂರನೆಯ ದಿನ ಬೆಳಿಗ್ಗೆ, ಯಜಮಾನಮ್ಮ ರಂಗೋಲಿ ಹಾಕುತ್ತಿದ್ದಾಗ, ಅವರ ಜಗಲಿಯ ಮುಂದೆಯೇ ಆ ಬಾವು ಒಡೆಯಿತು. ರಕ್ತ, ಕೀವು, ಪಿಂಕಿಯ ಚೀತ್ಕಾರ. ನಾನು ಅದನ್ನು ಟವಲಿನಲ್ಲಿ ಸುತ್ತಿಕೊಂಡು ಬರಿಗಾಲಲ್ಲೇ ಓಡಿದೆ.

ಡಾಕ್ಟರು ಬಂದಿದ್ದರು. ಗಾಯ ತೊಳೆದು, ಒಳಗೆಲ್ಲ ಔಷಧಿ ನೀರು ಹಾಯಿಸಿ, ಇಂಜೆಕ್ಷನ್ ಕೊಟ್ಟು, ಮಾತ್ರೆ ಬರೆದರು. ಅಷ್ಟು ಹೊತ್ತೂ ಪಿಂಕಿಯ ತಲೆಯನ್ನು ಕಂಕುಳಲ್ಲಿ ಒತ್ತಿ ಹಿಡಿದದ್ದು ಅಟೆಂಡರಮ್ಮ. ಮುಗಿದ ಮೇಲೆ ಅವರು ಟ್ರೇಯಿಂದ ಒಂದು ಹತ್ತಿಯುಂಡೆಯನ್ನು ಕಾಗದದಲ್ಲಿ ಕಟ್ಟಿಕೊಂಡು, "ನಡೀರಿ, ನಿಮ್ಮನೇಗೆ ಬತ್ತೀನಿ" ಎಂದರು. ನಾನು ಕರೆದಿರಲಿಲ್ಲ. ನನಗಿಂತ ನಾಲ್ಕು ಹೆಜ್ಜೆ ಮುಂದೆ, ಬಸ್ಸು ತಪ್ಪೀತು ಎನ್ನುವವರಂತೆ ನಡೆದರು.

ಯಜಮಾನಮ್ಮ ಜಗಲಿಗೆ ನೀರು ಹಾಕಿಸುತ್ತಿದ್ದರು. ಅಟೆಂಡರಮ್ಮ ಮೆಟ್ಟಿಲ ಕೆಳಗೇ ನಿಂತು ಕಾಗದ ಬಿಚ್ಚಿ ಮುಂದೆ ಚಾಚಿದರು.

"ಮೂಸಿ ನೋಡ್ರವ್ವ."

"ಶೀ! ಏನೇ ಅದು?"

"ನೀವು ದಿನಾ ಮೂಸಿದ್ದೇ. ಈ ನಾಯಿ ಕುಂಡೀಲಿ ಬಂದಿದ್ದು. ನಾನು ಮೀನು ತಿನ್ನೋಳು, ಮೀನಿನ ವಾಸ್ನೆ ಯಾವ್ದು, ಇದು ಯಾವ್ದು ಅಂತ ನಂಗೊತ್ತು. ನಿಮಗೆ ಗೊತ್ತಿಲ್ಲ, ಅದಕ್ಕೇ ಹೇಳಕ್ಕೆ ಬಂದೆ."

ಯಜಮಾನಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡರು, ಆದರೆ ಅದಕ್ಕೆ ಮುಂಚೆ ವಾಸನೆ ಅವರನ್ನು ಮುಟ್ಟಿತ್ತು. "ಅಯ್ಯೋ, ಇದೇ ಕಣಮ್ಮ! ಇದೇ ವಾಸನೆ!" ಎಂದರು. ನಂತರ ನಿರಾಳವಾಗಿ ನಕ್ಕರು. "ನಾಯೀದಾ? ನಾಯೀದು ಅಂದಮೇಲೆ ಇನ್ನೇನು ಬಿಡಿ. ಮನೆ ಬಿಡೋದೇನೂ ಬೇಡ. ಮೊದಲೇ ಹೇಳಬಾರದಾ?"

ನನಗೆ ಹೋದ ಜೀವ ಬಂದಂತಾಯಿತು. ಅಟೆಂಡರಮ್ಮನನ್ನು ರಸ್ತೆಯವರೆಗೆ ಬಿಡಲು ಹೋಗಿ, ಅವರ ಕೈ ಹಿಡಿದುಕೊಂಡೆ. "ನೀವು ಬರದೇ ಇದ್ದಿದ್ರೆ ನಾವು ಮೀನು ಮಾಡಿದ್ವಿ ಅಂತಲೇ ಆಗಿಬಿಡೋದು."

ಅವರು ನಿಂತರು. "ಮಾಡಿದ್ರೆ ಏನಾಗೋದವ್ವ?"

ನಾನು ಅವರ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡೆ.

"ನಾನು ಬಂದಿದ್ದು ನಾಯಿಗೋಸ್ಕರ. ಹೆದರಿಕೇಗೆ ಎಲ್ಲಾದ್ರೂ ಬಿಟ್ಟು ಬಂದ್ಬಿಡ್ತೀರ ಅಂತ" ಎಂದು ಕೈ ಬಿಡಿಸಿಕೊಂಡು ಹೊರಟೇಬಿಟ್ಟರು.

ಆ ಮಾತು ನನ್ನನ್ನು ಕೂರಲೂ ಬಿಡಲಿಲ್ಲ, ನಿಲ್ಲಲೂ ಬಿಡಲಿಲ್ಲ. ಮನೆ ಉಳಿದಿತ್ತು, ವಾಸನೆ ಹೋಗಿತ್ತು, ಯಜಮಾನಮ್ಮ ಈಗ ನಕ್ಕು ಮಾತಾಡಿಸುತ್ತಿದ್ದರು. ನಾಯಿಯ ಕೀವನ್ನು ಸಹಿಸಬಹುದಾಗಿದ್ದ ಆ ಮನೆಗೆ ನಮ್ಮ ಸಾರು ಸಹಿಸಲಾಗುತ್ತಿರಲಿಲ್ಲ. ನಾನಾದರೂ ಏನು ಮಾಡಿದ್ದೆ? ನಾವು ಅಂಥವರಲ್ಲ ಎಂದು ಸಾಧಿಸಲು ಊರೆಲ್ಲ ಓಡಾಡಿದ್ದೆ. ಅಮ್ಮ ಇನ್ನೂ ಬೆಳ್ಳುಳ್ಳಿ ಮುಟ್ಟುತ್ತಿರಲಿಲ್ಲ. ಅದನ್ನು ನೋಡಿದಾಗಲೆಲ್ಲ ನನಗೆ ನನ್ನ ಮೇಲೇ ಸಿಟ್ಟು ಬರುತ್ತಿತ್ತು.

ಗಾಯ ಒಣಗಿದ ಮೇಲೆ ಡಾಕ್ಟರು ಆಗಾಗ ತೋರಿಸಿ ಎಂದರು. ಅಟೆಂಡರಮ್ಮ ನನಗೇ ಕಲಿಸಿದರು. ಒದ್ದೆ ಬಟ್ಟೆಯಲ್ಲಿ ಒಂದು ದ್ರಾಕ್ಷಿ ಹಣ್ಣು ಸುತ್ತಿ ಕೊಟ್ಟು, "ಸಿಪ್ಪೆ ಒಡೀಬಾರ್ದು, ಹಂಗೆ ಒತ್ತಿ" ಎಂದು ಮೂರು ದಿನ ಅಭ್ಯಾಸ ಮಾಡಿಸಿದ ಮೇಲೆಯೇ ಪಿಂಕಿಯನ್ನು ಮುಟ್ಟಲು ಬಿಟ್ಟರು. "ಕೈ ಕಲೀತು ಅಂತ ವಾರ ವಾರ ಒತ್ತಕ್ಕೆ ಹೋಗಬ್ಯಾಡಿ. ನೆಲಕ್ಕೆ ಉಜ್ಜಿದ್ರೆ, ನೆಕ್ಕಿದ್ರೆ, ಆಗ ನೋಡಿ. ರಕ್ತ ಕಂಡ್ರೆ, ಊದಿದ್ರೆ ಕೈ ಹಚ್ಚಬ್ಯಾಡಿ, ಇಲ್ಲಿಗೆ ಬನ್ನಿ." ಬಿಸ್ಕತ್ತು ನಿಲ್ಲಿಸಿ, ಮುದ್ದೆಯ ಜೊತೆ ಬೇಯಿಸಿದ ಸಿಹಿಗುಂಬಳ ಹಾಕಲು ಹೇಳಿದರು. ಪಿಂಕಿಯ ಡೊಳ್ಳು ಇಳಿಯಿತು, ಹಿಂದುಗಡೆಯ ಕಾಟವೂ ಅಪರೂಪವಾಯಿತು.

ನಾಲ್ಕು ತಿಂಗಳಿಗೆ ನಾವೇ ಮನೆ ಬದಲಿಸಿದೆವು. ರೈಲ್ವೆ ಗೇಟಿನ ಆಚೆ ಒಂದು ಶೀಟಿನ ಮನೆ. ಬಾಡಿಗೆ ಕೇಳುವಾಗಲೇ ನಾನು, "ನಾವು ಮೀನು, ಮಾಂಸ ಮಾಡ್ತೀವಿ" ಎಂದು ಹೇಳಿದೆ. ಆ ಮನೆಯವರು "ಮಾಡ್ಕಳಿ, ನಮಗೂ ಒಂಚೂರು ಕೊಡಿ" ಎಂದು ನಕ್ಕರು. ಮೊದಲ ಭಾನುವಾರ ಅಮ್ಮ ಕೆರೆ ಮೀನು ತಂದು ಹುಣಸೆಹುಳಿ ಬಿಟ್ಟು ಸಾರು ಮಾಡಿ, ಅಟೆಂಡರಮ್ಮನನ್ನು ಕರೆಸಿದಳು. ಅವರು ಬಂದವರು ಮೊದಲು ಪಿಂಕಿಯ ಬಾಲ ಎತ್ತಿ ನೋಡಿ, ಕೈ ತೊಳೆದು, ಎರಡು ಮುದ್ದೆ ಉಂಡರು. ಅಮ್ಮ ಅಷ್ಟು ಮಾತಾಡಿದ್ದನ್ನು ನಾನು ಅಪ್ಪ ಹೋದಮೇಲೆ ಕೇಳಿರಲಿಲ್ಲ.

ಮುಂದೆ ನನಗೆ ಬೇಲೂರಿಗೆ ವರ್ಗವಾಯಿತು. ಅಟೆಂಡರಮ್ಮ ನಿವೃತ್ತರಾಗಿ ಹಗರೆಯಲ್ಲಿದ್ದ ಮಗಳ ಮನೆ ಸೇರಿದ್ದರು. ಅಮ್ಮನನ್ನು ನೋಡಲು ಅರಸೀಕೆರೆಗೆ ಹೋಗಿ ಬರುವ ದಾರಿಯಲ್ಲೇ ಸಿಗುವ ಊರು. ವಾರಕ್ಕೊಮ್ಮೆ ಬಸ್ಸಿನಲ್ಲಿ ಅದನ್ನು ದಾಟುತ್ತಿದ್ದೆ. ಇಳಿಯಬೇಕು, ಇಳಿಯಬೇಕು ಅಂದುಕೊಳ್ಳುತ್ತಲೇ ವರ್ಷಗಳು ಹೋದವು. ಹುಷಾರಿಲ್ಲವಂತೆ ಎಂದು ಹಳೆಯ ಆಸ್ಪತ್ರೆಯವರೊಬ್ಬರು ಹೇಳಿದಾಗ ಕಡೆಗೂ ಇಳಿದೆ.

ಮಂಚದ ಮೇಲೆ ಸಣ್ಣಗಾಗಿ ಮಲಗಿದ್ದರು. ಕಾಲು ಮಾತ್ರ ಹೊದಿಕೆಯೊಳಗೆ ಅಲುಗುತ್ತಲೇ ಇತ್ತು. ನನ್ನ ಗುರುತು ಹತ್ತಲು ತುಸು ಹೊತ್ತಾಯಿತು.

"ಪಿಂಕಿ ಹೆಂಗೈತೆ?" ಎಂದರು.

ಪಿಂಕಿ ಹೋಗಿ ಆರು ತಿಂಗಳಾಗಿತ್ತು. ಮುಪ್ಪಾಗಿ, ನರಳದೆ, ಅಮ್ಮನ ಕಾಲ ಬುಡದಲ್ಲಿ ಹೋಗಿತ್ತು. "ಚೆನ್ನಾಗಿದೆ ಅಟೆಂಡರಮ್ಮ" ಎಂದೆ.

"ನೀವೇ ತೆಗೀತಿದ್ದೀರಾ?"

"ಹೂಂ. ಬೇಕಾದಾಗ ಮಾತ್ರ."

ಅವರು ನನ್ನನ್ನೇ ನೋಡಿದರು. ನಾಯಿಗಳು ಎಷ್ಟು ವರ್ಷ ಬಾಳುತ್ತವೆ ಎಂದು ಅವರಿಗೆ ಗೊತ್ತಿಲ್ಲದ್ದೇನಲ್ಲ. "ಹಂಗಾದ್ರೆ ಸರಿ" ಎಂದು ಕಣ್ಣು ಮುಚ್ಚಿದರು. ನಾನು ಮಗಳು ಕೊಟ್ಟ ಕಾಫಿ ಕುಡಿದು ಬೇಲೂರಿನ ಬಸ್ಸು ಹಿಡಿದೆ.

ನಾನು ನೋಡಿ ಬಂದ ಹನ್ನೊಂದು ದಿನಕ್ಕೆ ಅವರು ತೀರಿಕೊಂಡ ಸುದ್ದಿ ಬಂತು. ಮಣ್ಣಿಗೆ ಹೋದಾಗ ಅವರ ಮಗಳು ನನ್ನನ್ನು ಬದಿಗೆ ಕರೆದು ಹೇಳಿದಳು: "ನೀವು ಹೋದ ಮೇಲೆ ಅವ್ವ ಅಂದ್ರು, ಪಾಪ ಆ ನಾಯಿ ಹೋಗ್ಬಿಟ್ಟೈತೆ, ಹೇಳಕ್ಕೆ ಆಗ್ಲಿಲ್ಲ ಆ ಮಗೀಗೆ ಅಂತ."