ಸುಶೀಲತ್ತೆ ಮತ್ತು ಸಾಮಿ ಕುದುರೆ

ಸುಶೀಲತ್ತೆ ಕುದುರೆಯ ಎದೆಗೆ ಸ್ಟೆತಸ್ಕೋಪ್ ಇಡುತ್ತಿರಲಿಲ್ಲ, ಹೊಟ್ಟೆಗೆ ಇಡುತ್ತಿದ್ದರು. ಪಕ್ಕೆಲುಬು ಮುಗಿದು ಕುಳಿ ಬೀಳುವ ಜಾಗಕ್ಕೆ ಅದನ್ನು ಒತ್ತಿ ಒಂದು ಬೆರಳು ಮೇಲೆತ್ತಿದರೆ ಶೆಡ್ಡಿನಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. ಒಳಗಿನ ಗುಡುಗುಡು ಕೇಳಿಸಿದ ಮೇಲೆಯೇ ಬೆರಳು ಇಳಿಯುತ್ತಿತ್ತು.

"ಮಾತಾಡ್ತಿದೆ. ಬದುಕತ್ತೆ."

ಸ್ಟೆತಸ್ಕೋಪಿನ ರಬ್ಬರು ಕೆಂಪಗಿತ್ತು ಎಂದು ನನ್ನ ನೆನಪು. ಈಗ ಅದು ನನ್ನ ಮೇಜಿನ ಮೇಲಿದೆ, ಕಪ್ಪಗಿದೆ. ಮುಂದಿನದನ್ನೂ ಅಷ್ಟೇ ಅನುಮಾನದಿಂದ ಓದಬೇಕು.

ಅವರು ನನ್ನ ಅಪ್ಪನ ತಂಗಿ. ಕೊಯಮತ್ತೂರಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಕೊಡುವ ಡಾಕ್ಟರಾಗಿದ್ದವರು. ನಿವೃತ್ತರಾದ ಮೇಲೆ ಆರ್.ಎಸ್. ಪುರಂನ ಮನೆಗೆ ಬೀಗ ಹಾಕಿ, ಧಾರಾಪುರಂ ದಾರಿಯ ತೆಂಗಿನ ತೋಟವೊಂದರ ಮೂಲೆಯಲ್ಲಿ ತಗಡಿನ ಶೆಡ್ಡು ಎಬ್ಬಿಸಿದರು. ರೇಕ್ಲಾ ಗಾಡಿ ಓಟದಲ್ಲಿ ಕಾಲು ಕೆಟ್ಟವು, ಮದುವೆ ಮೆರವಣಿಗೆಗೆ ಬೇಡವಾದವು, ರಸ್ತೆಗೆ ಬಿಟ್ಟ ಕುದುರೆಗಳು ಅಲ್ಲಿಗೆ ಬರುತ್ತಿದ್ದವು. ಅರ್ಧಕ್ಕರ್ಧ ಅಲ್ಲೇ ಸಾಯುತ್ತಿದ್ದವು. ರಜೆಯ ದಿನ ನಾನಿದ್ದ ಶರವಣಂಪಟ್ಟಿಯಿಂದ ಹೋಗಿ ವ್ಯಾನು ಓಡಿಸುವುದು ನನ್ನ ಕೆಲಸ.

ಅತ್ತೆಗೆ ಸುಳ್ಳು ಬರುತ್ತಿರಲಿಲ್ಲ. ತನ್ನ ಕುದುರೆಯ ಕುತ್ತಿಗೆ ತಬ್ಬಿಕೊಂಡು ಗಾಡಿಯವನೊಬ್ಬ, "ಉಳಿಯುತ್ತಾ ಡಾಕ್ಟರಮ್ಮ?" ಎಂದು ಕೇಳಿದಾಗ, "ಇಲ್ಲ. ಅಳೋದಾದ್ರೆ ಹೊರಗೆ ಹೋಗಿ ಅಳು, ಅದಕ್ಕೆ ಕೇಳಿಸತ್ತೆ" ಎಂದಿದ್ದರು. ಬೆಲ್ಲ, ಬಾಳೆಹಣ್ಣು ಹಿಡಿದು ಬರುವ ಪೇಟೆಯ ಜನರಿಗೆ ಇನ್ನೂ ಖಾರವಾಗಿ ಹೇಳುತ್ತಿದ್ದರು: "ಪುಣ್ಯ ಬೇಕಾ? ಬೇರೆ ಕಡೆ ಹೋಗಿ. ಇದರ ಹೊಟ್ಟೆ ಯಾಕೆ ಬೇಕು ನಿಮಗೆ?" ತಿಂಗಳುಗಟ್ಟಲೆ ಹಸಿದು ಒಣಗಿದ ಕುದುರೆಗೆ ಒಮ್ಮೆಲೇ ಕಾಳು ತಿನ್ನಿಸಿದರೆ ಕರುಳು ಸೋತು ನಿಂತುಬಿಡುತ್ತದೆ. ಒಣಹುಲ್ಲನ್ನು ಹಿಡಿ ಹಿಡಿಯಾಗಿ ಕೊಡುತ್ತಾ ವಾರಗಳನ್ನು ದೂಡಬೇಕು. ಹಸಿವಿನಿಂದ ಸತ್ತದ್ದಕ್ಕಿಂತ ಕನಿಕರದಿಂದ ಸತ್ತದ್ದನ್ನೇ ಹೆಚ್ಚು ನೋಡಿದ್ದೇನೆ ಎನ್ನುತ್ತಿದ್ದರು.

ಧಾರಾಪುರಂನಾಚೆ, ಕುದುರೆಯೇರಿ ಊರು ಕಾಯುವ ದೇವರು ಕರುಪ್ಪಸಾಮಿಯ ಗುಡಿಯೊಂದಿದೆ. ಅಲ್ಲಿ ಮಣ್ಣಿನ ಕುದುರೆ ಒಪ್ಪಿಸುವುದು ರೂಢಿ. ಯಾರೋ ರೇಕ್ಲಾದವರು ಕುಂಟು ಬಿದ್ದ ತಮ್ಮ ಹೆಣ್ಣು ಕುದುರೆಯನ್ನು ಜೀವಂತವಾಗಿಯೇ ಹರಕೆ ಎಂದು ಬಿಟ್ಟು ಹೋಗಿದ್ದರು. ಸಾಮಿಯ ಕುದುರೆ, ಆದ್ದರಿಂದ ಯಾರೂ ಹೊಡೆಯುವಂತಿಲ್ಲ, ಒಯ್ಯುವಂತಿಲ್ಲ. ಮೇವು ಹಾಕುವ ಹೊಣೆಯೂ ಯಾರದ್ದಲ್ಲ. ನಾವು ನೋಡಿದಾಗ ಹಣೆಯಲ್ಲಿ ಕುಂಕುಮ, ಕೊರಳಲ್ಲಿ ಒಣಗಿದ ಹಾರ, ಮಿಕ್ಕದ್ದು ಬರೀ ಮೂಳೆ.

ಪೂಜಾರಿ ರಂಗಣ್ಣನದು ಮನೆಯಲ್ಲಿ ಕನ್ನಡವಾಡುವ ಬೇಸಾಯದ ಕುಟುಂಬ. ಅತ್ತೆಯ ಕನ್ನಡ ಕೇಳಿ ಮುಖ ಅರಳಿತು. ಕುದುರೆಯನ್ನು ಕೊಡಿ ಎಂದೊಡನೆ ಅದೇ ಮುಖ ಮುದುಡಿತು.

"ಆಗಾಕಿಲ್ಲ ಅಮ್ಮಣ್ಣೀ. ಸಾಮಿ ಸವಾರಿ ಓಗ್ಬೇಕಲ್ಲ?"

"ಈ ಕಾಲಿನ ಮೇಲೆ ಹತ್ತಿದ್ರೆ ನಿಮ್ಮ ಸಾಮಿ ಬೀಳ್ತಾರೆ, ರಂಗಣ್ಣ. ಆಮೇಲೆ ಅವರಿಗೂ ನಾನೇ ವೈದ್ಯಂ ಮಾಡ್ಬೇಕು."

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಮಾದಕ್ಕ ಸೆರಗು ಬಾಯಿಗೆ ಒತ್ತಿ ನಕ್ಕಳು. ಆ ನಗೆಯಿಂದಲೇ ಮಾತು ಮುಂದುವರಿಯಿತು. ಕುಂಬಾರರಲ್ಲಿ ದೊಡ್ಡದೊಂದು ಮಣ್ಣಿನ ಕುದುರೆ ಮಾಡಿಸಿ ತಂದುಕೊಟ್ಟರೆ ಬದಲಿಗೆ ಇದನ್ನು ಬಿಟ್ಟುಕೊಡುವುದೆಂದು ಒಪ್ಪಿದರು.

ಹೊರಡುವಾಗ ಅತ್ತೆ, "ಅಲ್ಲೀತನಕ ಹುಲ್ಲು ಮಾತ್ರ, ಕಾಳು ಬೇಡ" ಎಂದು ಮಾದಕ್ಕನಿಗೆ ಹೇಳಿದರೇ? ಹೇಳಿದ್ದು ನನ್ನ ಕಿವಿಯಲ್ಲಿದೆ. ಆದರೆ ಅದೇ ಮಾತನ್ನು ಅವರು ನೂರು ಜನಕ್ಕೆ ಹೇಳಿದ್ದು ಕೇಳಿದ್ದೇನೆ. ಒಬ್ಬರಿಗೆ ಹೇಳಿದ್ದನ್ನು ಎತ್ತಿ ಇನ್ನೊಬ್ಬರ ಅಂಗಳದಲ್ಲಿ ಇಡುವುದು ನೆನಪಿಗೆ ಕಷ್ಟವಲ್ಲ.

ಮಣ್ಣಿನ ಕುದುರೆಯೊಂದಿಗೆ ಮರಳಿ ಹೋದ ದಿನ ಜೀವಂತ ಕುದುರೆಗೆ ಸ್ನಾನವಾಗಿತ್ತು, ಹೊಸ ಹಾರ ಬಿದ್ದಿತ್ತು. ಮಾದಕ್ಕನ ಕಣ್ಣು ತುಂಬಿತ್ತು.

"ಇಷ್ಟ್ ದಿನ ನೋಡ್ಲಿಲ್ಲ ನಾವು, ಪಾವಂ. ಎಣ್ಮಗ ಬರೀ ಒಟ್ಟೇಲಿ ಮನೆ ದಾಟ್ಬಾರ್ದಲ್ಲ ಅಮ್ಮಣ್ಣಿ? ಜೋಳ, ಬೆಲ್ಲ ಬೇಯಿಸಿ ಒಟ್ಟೆ ತುಂಬ ಇಕ್ಕಿವ್ನಿ."

ಅತ್ತೆ ಖಾಲಿ ಬಾಣಲೆಯ ಕಡೆ ನೋಡಿದರು. ನಾನು ಬೈಗುಳಕ್ಕೆ ಕಾದೆ. "ಸರಿ ಮಾದಕ್ಕ" ಎಂದಷ್ಟೇ ಹೇಳಿ ವ್ಯಾನು ಹತ್ತಿದರು.

ಮರುದಿನ ಮಧ್ಯಾಹ್ನ ಶೆಡ್ಡಿನಲ್ಲಿ ಕುದುರೆ ನೆಲಕ್ಕೆ ಬಿತ್ತು. ಹೊರಳಿ ಹೊರಳಿ ಪಕ್ಕೆಯ ಚರ್ಮ ಕಿತ್ತುಹೋಯಿತು. ಅತ್ತೆ ಮಂಡಿಯೂರಿ ಹೊಟ್ಟೆಗೆ ಸ್ಟೆತಸ್ಕೋಪ್ ಇಟ್ಟು ಬೆರಳೆತ್ತಿದರು. ಬೆರಳು ಇಳಿಯಲಿಲ್ಲ. ಪಶುವೈದ್ಯರು ಬಂದು ಕೊನೆಯ ಸೂಜಿ ಚುಚ್ಚಿ ಎದ್ದ ಮೇಲೂ ಅದು ಮೇಲೆಯೇ ಇತ್ತು.

ಪೊಂಗಲ್ ಹಬ್ಬಕ್ಕೆ ಮಾದಕ್ಕನ ಫೋನು ಬಂತು. "ನಮ್ ಉಡ್ಗಿ ಎಂಗವ್ಳೆ?"

"ಚೆನ್ನಾಗಿದ್ದಾಳೆ" ಎಂದರು ಅತ್ತೆ. "ಸೊಕ್ಕು ಜಾಸ್ತಿ. ಮೊನ್ನೆ ನನ್ನನ್ನೇ ಒದ್ದಳು."

ನಾನು ದಿಟ್ಟಿಸಿದ್ದಕ್ಕೆ, "ಏನು ನೋಡ್ತೀಯ? ನಿಜ ಹೇಳಿದ್ರೆ ಇನ್ನೊಂದು ಸಲ ನಮ್ಮ ಕೈಗೆ ಕುದುರೆ ಕೊಡ್ತಾರಾ?" ಎಂದು ಗದರಿದರು. ಕಾರಣ ಅದೇ ಇದ್ದೀತು. ಕಾಳು ಬೇಡವೆಂದು ಹೇಳುವುದನ್ನು ಅಂದು ತಾವೇ ಮರೆತಿದ್ದರೇನೋ, ಅದೂ ಇದ್ದೀತು. ಬರೀ ಕರುಣೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ನನಗೆ ಗೊತ್ತಿಲ್ಲ. ಪ್ರತಿ ಹಬ್ಬಕ್ಕೂ ಫೋನು ಬರುತ್ತಿತ್ತು. ಪ್ರತಿ ಸಲವೂ ಸತ್ತ ಕುದುರೆ ಮೈ ತುಂಬಿಕೊಳ್ಳುತ್ತಾ ಹೋಯಿತು.

ಕಳೆದ ಮಳೆಗಾಲದಲ್ಲಿ ಅತ್ತೆ ಹೋದರು. ಎದೆ ನಿಂತಿತು. ಅವರ ಫೋನನ್ನು ನಾನು ಇಟ್ಟುಕೊಂಡಿದ್ದೇನೆ. ಮೊನ್ನೆ ಅದು ಹೊಡೆದುಕೊಂಡಿತು.

"ಅಮ್ಮಣ್ಣಿ ಇಲ್ವಾ ಕಣ್ಣು?" ಮಾದಕ್ಕ ನನ್ನನ್ನು ಮುದ್ದಿನಿಂದ ಕರೆಯುವುದು ಹಾಗೆ, ಕಣ್ಣು ಎಂದು.

"ಇಲ್ಲ ಮಾದಕ್ಕ. ತೀರಿಕೊಂಡ್ರು."

"ನಮ್ಮ ಹುಡುಗಿ ಚೆನ್ನಾಗಿದ್ದಾಳೆ" ಎಂಬ ಮಾತನ್ನು ನಾನು ಸಿದ್ಧ ಮಾಡಿಕೊಂಡೆ. ಮಾದಕ್ಕ ಅವಳ ಬಗ್ಗೆ ಕೇಳಲೇ ಇಲ್ಲ.

"ಇನ್ನೊಂದ್ ಬುಟ್ಟೋಗವ್ರೆ ಗುಡಿ ತಾವ. ಬಿರ್ರನೆ ಬಾ ಕಣ್ಣು" ಎಂದಳು. ಆಮೇಲೆ ದನಿ ತಗ್ಗಿಸಿದಳು. "ಈ ಸತಿ ನಾನು ಒಂದ್ ಕಾಳೂ ಇಕ್ಕಿಲ್ಲ."