ದಾಸವಾಳದ ಸಾಲಿನ ಕಾವಲು

ಲೋಲಾಕ್ಷಿ ವಾಸು ಕೋಟ್ಯಾನ್, ವಯಸ್ಸು ಎಪ್ಪತ್ತೊಂದು. ಹುಟ್ಟೂರು ಕಾಪು, ಬಾಳಿದ್ದು ಠಾಣೆ ಪೂರ್ವದ ಕೋಪರಿಯಲ್ಲಿ. ದಿವಂಗತ ವಾಸು ಕೋಟ್ಯಾನರ ಪತ್ನಿ, ಜಯಲತಾಳ ತಾಯಿ, ಅನುಷ್ಕಾಳ ಅಜ್ಜಿ. 2016ರ ಜುಲೈಯಲ್ಲಿ ತೀರಿಕೊಂಡ ಇವರು ಯಾವ ಸಂಘದ ಪದಾಧಿಕಾರಿಯೂ ಆಗಿರಲಿಲ್ಲ. ಇಪ್ಪತ್ತಾರು ವರ್ಷ ಒಂದು ಕನ್ನಡ ಶಾಲೆಯಲ್ಲಿ ಗಂಟೆ ಬಾರಿಸಿದರು. ನಲವತ್ತೊಂದನೆಯ ವಯಸ್ಸಿನಲ್ಲಿ ರಾತ್ರಿಶಾಲೆಗೆ ಸೇರಿ, ಎರಡನೆಯ ಯತ್ನದಲ್ಲಿ ಹತ್ತನೆಯ ತರಗತಿ ಪಾಸಾದರು. ಮೊದಲ ಬಾರಿ ಫೇಲಾದದ್ದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳುತ್ತಿದ್ದರು. ಆದರೂ ಅವರನ್ನು ಬಲ್ಲವರು ಮೊದಲು ನೆನೆಯುವುದು 2011ರ ಜೇಡದ ಸಂಗತಿಯನ್ನು.

ಆ ವರ್ಷ ಮಳೆ ಹಿಂದೆಗೆಯುವ ಹೊತ್ತಿಗೆ, ಅವರಿದ್ದ ವಸತಿ ಸೊಸೈಟಿಯ ಕಂಪೌಂಡಿಗೆ ಅಂಟಿದ ದಾಸವಾಳದ ಸಾಲಿನಲ್ಲಿ ಹಳದಿ ಪಟ್ಟಿಯ ಒಂದು ದೊಡ್ಡ ಜೇಡ ಬಲೆ ಕಟ್ಟಿತ್ತು. ಬಲೆಯ ನಡುವೆ ಬಿಳಿ ನೂಲಿನ ಅಂಕುಡೊಂಕು ಗೆರೆಗಳು; ಅವುಗಳ ಮೇಲೆ ಎರಡೆರಡು ಕಾಲುಗಳನ್ನು ಜೋಡಿಸಿ, ಗುಣಾಕಾರದ ಚಿಹ್ನೆಯಂತೆ ತಲೆಕೆಳಗಾಗಿ ಅದು ಕುಳಿತಿರುತ್ತಿತ್ತು. ಮುಂಜಾನೆ ಹೂ ಕೊಯ್ಯಲು ಹೋಗುತ್ತಿದ್ದ ಲೋಲಾಕ್ಷಿಯವರು ಆ ಗಿಡವೊಂದನ್ನು ಬಿಟ್ಟು ಉಳಿದವುಗಳಿಂದ ಕೊಯ್ಯತೊಡಗಿದರು. ಸೆಪ್ಟೆಂಬರ್ ಇಪ್ಪತ್ತರಂದು ಬಲೆಯ ಪಕ್ಕದ ಎಲೆಗಳ ನಡುವೆ ಒಂದು ಚೀಲ ಕಾಣಿಸಿತು: ಹುಣಸೆ ಬೀಜಕ್ಕಿಂತ ತುಸು ದೊಡ್ಡದು, ಹಸಿರು ಬೆರೆತ ಒಣಹುಲ್ಲಿನ ಬಣ್ಣ. ಮೊಟ್ಟೆ ಇಟ್ಟ ತಾಯಿಯ ಹೊಟ್ಟೆ ಒಂದೇ ದಿನದಲ್ಲಿ ಸುಕ್ಕುಗಟ್ಟಿತ್ತು. ಲೋಲಾಕ್ಷಿಯವರು ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಸುತ್ತು ಹಾಕಿದರು.

ಎರಡು ದಿನ ಕಳೆಯುವಷ್ಟರಲ್ಲಿ ಕೆಂಪಿರುವೆಗಳು ಗಿಡ ಹತ್ತತೊಡಗಿದವು. ಅಡಿಗೆಮನೆಯ ಸಕ್ಕರೆ ಡಬ್ಬಕ್ಕೆ ಮಾಡುವಂತೆಯೇ ಅವರು ಬುಡದ ಸುತ್ತ ಬೆರಳಗಲದ ಅರಸಿನದ ಗೆರೆ ಎಳೆದರು. ಇರುವೆಗಳು ಹಿಂದಿರುಗಿದವು. ಆದರೆ ಅಷ್ಟರಲ್ಲಿ ನವರಾತ್ರಿ ಬಂತು. ಬುಡದಲ್ಲಿ ಅರಸಿನವಿದ್ದ ಗಿಡವನ್ನು ಕಂಡ ಎರಡನೆಯ ಮಹಡಿಯ ಅನಸೂಯ, ಇದು ದೇವಿಯ ಸ್ಥಾನವೆಂದೇ ಭಾವಿಸಿ ಕುಂಕುಮವಿಟ್ಟು ಊದುಬತ್ತಿ ಹಚ್ಚಿದರು. ಮೈಸೂರಿನ ಅನಸೂಯ ಮಡಿಯ ವಿಷಯದಲ್ಲಿ ಎಡವುವವರಲ್ಲವೆಂದು ಇಡೀ ಸೊಸೈಟಿಗೆ ನಂಬಿಕೆ. ನಾಲ್ಕನೆಯ ದಿನಕ್ಕೆ ಐದು ಮನೆಯವರ ಊದುಬತ್ತಿಗಳು ಅಲ್ಲಿ ಹೊಗೆಯಾಡುತ್ತಿದ್ದವು. ಜೇಡ ನಡುವಿನ ಜಾಗ ತೊರೆದು ಬಲೆಯ ಅಂಚಿಗೆ ಸರಿದಿತ್ತು.

ಲೋಲಾಕ್ಷಿಯವರು ಎಲ್ಲರೆದುರಿಗೇ ಬತ್ತಿಗಳನ್ನು ಕಿತ್ತು, ಅರಸಿನ ಹಾಕಿದ್ದು ಇರುವೆಗೆ, ಇಲ್ಲಿ ಯಾವ ದೇವಿಯೂ ಇಲ್ಲ ಎಂದು ತಿಳಿಸಿದರು. ಹಲವರಿಗೆ ಮುಖಭಂಗವಾಯಿತು. ಅನಸೂಯ ಅವರನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ಒಂಬತ್ತನೇ ತಾರೀಕು ಔಷಧಿ ಹೊಡೆಯೋರು ಬರ್ತಾರೆ, ಗೊತ್ತಲ್ವಾ? ದೇವಿ ಅಂತ ಇದ್ದುಬಿಡಲಿ ಲೋಲಾಕ್ಷಮ್ಮ. ಯಜ್ಞೇಶ್ವರ ರಾಯರು ಕೈ ಹಾಕಲ್ಲ."

ದೀಪಾವಳಿಗೆ ಮುನ್ನ ಕಂಪೌಂಡಿಗೆಲ್ಲ ಕೀಟನಾಶಕ ಸಿಂಪಡಿಸುವುದು ಸೊಸೈಟಿಯ ಪದ್ಧತಿ. ಸೆಕ್ರೆಟರಿ ಯಜ್ಞೇಶ್ವರ ರಾಯರು ಅದರಲ್ಲಿ ಬಹಳ ಕಟ್ಟುನಿಟ್ಟು. ಒಂದು ಸುಳ್ಳಿನಿಂದ ಆ ಚೀಲ ಉಳಿಯುತ್ತಿತ್ತು. ಸುಳ್ಳನ್ನು ಹೇಳುವುದೂ ಬೇಕಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು.

"ಅದು ಜೇಡ ಮಾರಾಯ್ತಿ," ಎಂದರು ಲೋಲಾಕ್ಷಿಯವರು. "ಉಳಿಯುವುದಾದರೆ ಜೇಡವಾಗಿಯೇ ಉಳಿಯಲಿ. ದೇವರ ಹೆಸರಿನಲ್ಲಿ ನಾನು ಮೋಸ ಮಾಡುವುದಿಲ್ಲ."

ವಿಜಯದಶಮಿಯ ಬೆಳಿಗ್ಗೆ ಬಲೆ ಖಾಲಿಯಾಗಿತ್ತು. ಬುಡದಲ್ಲಿ ಕಾಲು ಮುದುಡಿ ಬಿದ್ದಿದ್ದ ಜೇಡವನ್ನು ಮೊದಲು ಕಂಡವಳು ಒಂಬತ್ತು ವರ್ಷದ ಅನುಷ್ಕಾ.

"ಅಜ್ಜಿ, ಮರ್ ಗಯೀ ಕ್ಯಾ?"

"ಹೌದು, ಸತ್ತಿದೆ. ಚೀಲ ಗಟ್ಟಿ ಉಂಟಾ ನೋಡು."

ಚೀಲ ಗಟ್ಟಿಯಾಗಿಯೇ ಇತ್ತು. ಆ ಸಂಜೆ ಅವರು ಇಸ್ತ್ರಿ ಮಾಡಿದ ಸೀರೆಯುಟ್ಟು ಸೆಕ್ರೆಟರಿಯ ಮನೆಗೆ ಹೋದರು. ರಾಯರು ಎಲ್ಲವನ್ನೂ ಕೇಳಿ ನಕ್ಕರು. ಇಂದು ಜೇಡಕ್ಕೆ ವಿನಾಯಿತಿ ಕೊಟ್ಟರೆ ನಾಳೆ ಮೂರನೆಯ ಮಹಡಿಯವರು ಜಿರಳೆಗೂ ಕೇಳಿಯಾರು, ಎಂದರು. ಅಷ್ಟಕ್ಕೂ ಜೇಡವೇ ಸತ್ತ ಮೇಲೆ ಇನ್ನೇನು ಉಳಿಯಿತು ಎಂದು ಕೇಳಿದರು.

"ತಾಯಿ ಸತ್ತರೆ ಮಕ್ಕಳ ಹಕ್ಕೂ ಸಾಯುತ್ತದಾ, ರಾಯರೇ?"

ರಾಯರ ನಗು ನಿಂತಿತು. ಲೋಲಾಕ್ಷಿಯವರು ಬೇಡಿಕೊಳ್ಳಲಿಲ್ಲ, ಷರತ್ತು ಮುಂದಿಟ್ಟರು. ಔಷಧಿ ಬೇಕಾಗುವುದು ಕೊಳಕಿರುವಲ್ಲಿ. ದಾಸವಾಳದ ಸಾಲನ್ನು ತಾನೊಬ್ಬಳೇ ಶುಚಿಗೊಳಿಸುತ್ತೇನೆ. ಔಷಧಿಯವರು ಬರುವ ಭಾನುವಾರ ಬೆಳಿಗ್ಗೆ ಅಲ್ಲಿ ಒಂದೇ ಒಂದು ಜಿರಳೆಯೋ ಸೊಳ್ಳೆಯ ಹುಳವೋ ಸಿಕ್ಕಿದರೆ ರಾಯರು ಧಾರಾಳವಾಗಿ ಸಿಂಪಡಿಸಬಹುದು. ಸೋಲುವುದು ಖಂಡಿತವೆಂದೇ ಎಣಿಸಿ ರಾಯರು ಒಪ್ಪಿದರು.

ಶುಕ್ರವಾರ, ಶನಿವಾರ ಎರಡು ದಿನವೂ ಅರವತ್ತಾರರ ಆ ಹೆಂಗಸು ಮಣೆಯ ಮೇಲೆ ಕುಳಿತು, ಮಂಡಿನೋವಿನಲ್ಲೇ ಮುಂದೆ ಮುಂದೆ ಸರಿಯುತ್ತ, ಕೊಳೆತ ಎಲೆಗಳನ್ನು ಗೋರಿದರು. ಒಡೆದ ಕುಂಡಗಳ ನೀರನ್ನು ಚೆಲ್ಲಿ, ಗೋಡೆಯ ಬಿರುಕುಗಳಿಗೆ ಸಿಮೆಂಟು ಮೆತ್ತಿದರು. ಸಹಾಯಕ್ಕೆ ಬಂದ ಮಗಳನ್ನು ಹಿಂದಕ್ಕೆ ಕಳುಹಿಸಿದರು. ಮಾತು ಕೊಟ್ಟದ್ದು ತಾನೊಬ್ಬಳೇ ಎಂದು. ಭಾನುವಾರ ರಾಯರು ಟಾರ್ಚು ಹಿಡಿದು, ಪಂಚೆ ಎತ್ತಿ ಕಟ್ಟಿ, ಗಿಡಗಿಡದ ಬುಡಕ್ಕೂ ಬಗ್ಗಿದರು. ಇಪ್ಪತ್ತು ನಿಮಿಷ ಹುಡುಕಿದರು. ಏನೂ ಸಿಗಲಿಲ್ಲ.

ಆದರೂ ಗಾಳಿಗೆ ಔಷಧಿ ಹಾರಿ ಬರಬಹುದು. ಲೋಲಾಕ್ಷಿಯವರು ಹಳೆಯ ಹಾಸುಬಟ್ಟೆಯನ್ನು ಬಿಡಿಸಿ ಗಿಡಕ್ಕೆ ಅಡ್ಡ ಹಿಡಿದು ನಿಂತರು. ಒಂದು ತುದಿ ಜೋತುಬೀಳುತ್ತಿತ್ತು. ಮೂಗಿಗೆ ಸೆರಗು ಸುತ್ತಿಕೊಂಡು ಅನಸೂಯ ಇಳಿದು ಬಂದು ಆ ತುದಿ ಹಿಡಿದರು. "ನಿಮ್ಮ ಹಟಕ್ಕೆ ನನ್ನ ಅಡಿಗೆ ಸೀಯ್ತಾ ಇದೆ," ಎಂದರು. ಸಿಂಪಡಣೆ ಮುಗಿಯುವವರೆಗೆ ಇಬ್ಬರೂ ಕದಲಲಿಲ್ಲ.

ಅಕ್ಟೋಬರ್ ಹದಿನೆಂಟು, ಸುತ್ತು ಹಾಕಿದ ದಿನದಿಂದ ಇಪ್ಪತ್ತೆಂಟನೆಯ ದಿನ, ಚೀಲದಲ್ಲಿ ಸಣ್ಣ ತೂತು ಬಿತ್ತು. ಸಾಸಿವೆಗಿಂತ ಚಿಕ್ಕ ಮರಿಗಳು ನೂರಾರು ಹೊರಬಂದು, ನೂಲು ಬಿಟ್ಟು, ಬೆಳಗಿನ ಗಾಳಿಗೆ ಒಂದೊಂದಾಗಿ ತೇಲಿಹೋದವು. ಕರೆಯದೆಯೇ ಬಂದಿದ್ದ ಯಜ್ಞೇಶ್ವರ ರಾಯರು ಕನ್ನಡಕ ಒರೆಸಿ ಒರೆಸಿ ನೋಡಿದರು. ಲೋಲಾಕ್ಷಿಯವರು ಸೊಂಟಕ್ಕೆ ಕೈಯಿಟ್ಟು, ಶಾಲೆ ಬಿಟ್ಟ ಮಕ್ಕಳನ್ನು ಗೇಟಿನಲ್ಲಿ ನಿಂತು ನೋಡುವವರಂತೆ, ಕೊನೆಯ ಮರಿ ಹೋಗುವತನಕ ನಿಂತಿದ್ದರು.

ಅವರು ಬಿಟ್ಟುಹೋದದ್ದು: ಒಬ್ಬ ಮಗಳು, ಒಬ್ಬ ಮೊಮ್ಮಗಳು, ಆರು ನೂಲಿನ ಸೀರೆ, ಹತ್ತನೆಯ ತರಗತಿಯ ಎರಡು ಅಂಕಪಟ್ಟಿ, ಫೇಲಾದದ್ದೂ ಸೇರಿ, ಒಂದು ಕಂಚಿನ ಬಾಣಲೆ, ಕಡ್ಡಿ ಮುರಿದು ದಾರ ಸುತ್ತಿದ ಕನ್ನಡಕ, ಕಸ ಗುಡಿಸುವ ಎರಡು ಹಿಡಿಸೂಡಿ, ಮತ್ತು ಸೊಸೈಟಿಯ ನಡಾವಳಿ ಪುಸ್ತಕದಲ್ಲಿ ಯಜ್ಞೇಶ್ವರ ರಾಯರ ಸಹಿಯಿರುವ ಒಂದು ನಿರ್ಣಯ: ದಾಸವಾಳದ ಸಾಲಿಗೆ ಔಷಧಿ ಸಿಂಪಡಿಸತಕ್ಕದ್ದಲ್ಲ, ಆ ಸಾಲನ್ನು ಕೈಯಿಂದಲೇ ಶುಚಿ ಮಾಡತಕ್ಕದ್ದು.